ನೆರೆಯವರ ಒಲೆ, ನಮ್ಮ ವ್ರತ

ಹಲವು ಮತದವರು ಕೂಡಿ ಬಾಳುವ ವಸತಿ ಸಮುಚ್ಚಯಗಳಲ್ಲಿ ಅಡುಗೆಯ ವಾಸನೆ, ಹಬ್ಬದ ವಾದ್ಯಗಳೇ ಮನಸ್ತಾಪಕ್ಕೆ ಕಾರಣವಾಗುವುದುಂಟು. ಶ್ರಾವಕನು ಕಂದಮೂಲ, ರಾತ್ರಿಭೋಜನಗಳನ್ನು ತ್ಯಜಿಸುವುದು ತನ್ನ ಆತ್ಮಶುದ್ಧಿಗಾಗಿ; ಆ ವ್ರತವನ್ನು ನೆರೆಮನೆಯ ಒಲೆಯ ಮೇಲೆ ಹೇರಿದರೆ ಬೆಳೆಯುವುದು ಮಾನಕಷಾಯವೇ.

ವಾದ್ಯದ ಜಗಳವಂತೂ ಹೊಸದಲ್ಲ. 1368ರಲ್ಲಿ ಶ್ರೀವೈಷ್ಣವರೊಡನೆ ವಿವಾದವೆದ್ದಾಗ ಜೈನರು ವಿಜಯನಗರದ ಬುಕ್ಕರಾಯನಲ್ಲಿ ಮೊರೆಯಿಟ್ಟರು. ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೆ ಭೇದವಿಲ್ಲವೆಂದು ಸಾರಿದನು. ಪಂಚಮಹಾವಾದ್ಯ, ಕಲಶಗಳು ಜೈನರಿಗೂ ಸಲ್ಲುವುವೆಂದನು.

ಶ್ರವಣಬೆಳಗೊಳದ ಶಾಸನ ಅಷ್ಟಕ್ಕೇ ನಿಲ್ಲುವುದಿಲ್ಲ. ಜೈನರು ಮನೆಗೆ ವರ್ಷಕ್ಕೊಂದು ಹಣ ಸಲ್ಲಿಸಬೇಕು. ಅದರಿಂದ ಬೆಳಗೊಳದ ದೇವರಿಗೆ 20 ಕಾವಲಾಳುಗಳನ್ನು ನೇಮಿಸಿ, ಉಳಿದುದರಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸುವ ಹೊಣೆ ತಿರುಮಲೆಯ ತಾತಯ್ಯನದು. ಆತ ವೈಷ್ಣವ.