ಕೆಂಪಿಯ ತಟ್ಟೆ, ಅಪ್ಪನ ಕೈ

ನಮ್ಮ ಕೆಂಪಿ ಬೀದಿಯಿಂದ ಮನೆಗೆ ಬಂದವಳು. ವಯಸ್ಸು ಮೂರು, ತೂಕ 18 ಕೆಜಿ. ಪ್ಯಾಕೆಟ್ ಫುಡ್ ಹಾಕಿದರೆ ಮೂಸಿ ನೋಡಿ ಮುಖ ತಿರುಗಿಸುತ್ತಿದ್ದಳು. ಆಫೀಸಿನ ಗೆಳೆಯನೊಬ್ಬ, "ಹಸಿ ಮಾಂಸ ಹಾಕಿ ನೋಡು ಮಾರಾಯ, ನಾಯಿ ಅಂದ್ರೆ ತೋಳದ ವಂಶ ಅಲ್ವಾ" ಅಂದ. ಮರುದಿನವೇ ಬೋನ್‌ಲೆಸ್ ಚಿಕನ್ ತಂದೆ. ಕೆಂಪಿ ತಟ್ಟೆಯನ್ನೂ ಬಿಡದೆ ನೆಕ್ಕಿದಳು. ನನಗೂ ಖುಷಿ.

ಎರಡು ವಾರದ ನಂತರ ಲಸಿಕೆಗೆ ಹೋದಾಗ ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: "ಮೂಳೆ ಎಲ್ಲಿ?" ಬರೀ ಮಾಂಸದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ತೀರಾ ಕಡಿಮೆಯಂತೆ. ತಿಂಗಳುಗಟ್ಟಲೆ ಹೀಗೇ ಹಾಕಿದರೆ ನಾಯಿಯ ಮೂಳೆಯೇ ಸವೆಯುತ್ತದೆ. ಮರಿಗಳಿಗಂತೂ ಇನ್ನೂ ಅಪಾಯ. ತೋಳದ ವಾದವೂ ಅರ್ಧ ಸತ್ಯವೇ. ಪಿಷ್ಟ ಅರಗಿಸುವ ಜೀನ್‌ನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಹೆಚ್ಚಿವೆ ಎಂದು 2013ರಲ್ಲೇ 'ನೇಚರ್' ಪತ್ರಿಕೆಯಲ್ಲಿ ಬಂದಿದೆ. ನಮ್ಮೂರ ನಾಯಿಗಳು ಮುದ್ದೆ ತಿಂದು ಬದುಕಿದ್ದು ಸುಮ್ಮನೆ ಅಲ್ಲ!

ಆಮೇಲೆ ನಮ್ಮ ಕಸುಬಿನಂತೆ ಎಕ್ಸೆಲ್ ಶೀಟ್ ತೆರೆದೆ. ದಿನಕ್ಕೆ ದೇಹದ ತೂಕದ ಶೇ. 2.5, ಅಂದರೆ 450 ಗ್ರಾಂ. ಅದರಲ್ಲಿ ಶೇ. 80 ಮಾಂಸ, ಶೇ. 10 ಹಸಿ ಮೂಳೆ, ಉಳಿದ ಶೇ. 10ರಲ್ಲಿ ಅರ್ಧ ಲಿವರ್, ಅರ್ಧ ಕಿಡ್ನಿಯಂಥ ಅಂಗ. ಹಸಿ ಆಹಾರದವರು ಹೇಳುವ ಸಾಮಾನ್ಯ ಲೆಕ್ಕ ಇದು. ಹಳೇ ಊಟದ ಜೊತೆ ಬೆರೆಸಿ ಹತ್ತು ದಿನದಲ್ಲಿ ನಿಧಾನಕ್ಕೆ ಬದಲಾಯಿಸಿದೆ. ಬೇಯಿಸಿದ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ, ಅದಂತೂ ಹಾಕಲೇಬಾರದು. ಹಸಿ ಮೂಳೆ ಹಾಕಿದಾಗಲೂ ಅವಳು ತಿಂದು ಮುಗಿಸುವ ತನಕ ಪಕ್ಕದಲ್ಲೇ ಕೂರುತ್ತಿದ್ದೆ.

ಎಲ್ಲಾ ಸರಿಹೋಯ್ತು ಅನ್ನುವಷ್ಟರಲ್ಲಿ ಹಾಸನದಿಂದ ಅಮ್ಮನ ಫೋನ್. ಅಪ್ಪನಿಗೆ ಬೆಂಗಳೂರಲ್ಲೇ ಕೀಮೋ, ಆರು ತಿಂಗಳು ನಮ್ಮ ಮನೆಯಲ್ಲೇ ಇರ್ತಾರೆ ಅಂತ. ಕೆಂಪಿಗೆ ಅಪ್ಪ ಅಂದರೆ ಪ್ರಾಣ. ಬಂದ ಕೂಡಲೇ ಕೈಯೆಲ್ಲ ನೆಕ್ಕುತ್ತಾಳೆ.

ಡಾಕ್ಟರಿಗೆ ಫೋನ್ ಮಾಡಿದೆ. "ಹಾಗಾದ್ರೆ ಹಸಿ ಮಾಂಸ ಇವತ್ತೇ ನಿಲ್ಲಿಸಿ" ಅಂದರು. ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ ಇರಬಹುದು, ಫ್ರೀಜರಿನಲ್ಲಿಟ್ಟರೂ ಸಾಯುವುದಿಲ್ಲ. ನಾಯಿ ಗಟ್ಟಿಮುಟ್ಟಾಗಿದ್ದರೂ ಅದರ ಜೊಲ್ಲು, ಮಲದಲ್ಲಿ ರೋಗಾಣು ಬರಬಹುದು. ಕೀಮೋ ಆಗುತ್ತಿರುವವರಿಗೆ, ಪುಟ್ಟ ಮಕ್ಕಳಿಗೆ, ಗರ್ಭಿಣಿಯರಿಗೆ, ವಯಸ್ಸಾದವರಿಗೆ ಅದೇ ದೊಡ್ಡ ಕಾಯಿಲೆ. ತಿಂಗಳುಗಟ್ಟಲೆ ನಾಯಿಯ ಬಗ್ಗೆ ಅಷ್ಟೆಲ್ಲ ಓದಿದ ನಾನು, ಮನೆಯಲ್ಲಿ ಯಾರ್ಯಾರು ಇರುತ್ತಾರೆ ಅನ್ನುವ ಕಾಲಂ ಮಾತ್ರ ಶೀಟಿನಲ್ಲಿ ಹಾಕಿರಲಿಲ್ಲ.

ಈಗ ಕೆಂಪಿಗೆ ಉಪ್ಪು, ಈರುಳ್ಳಿ ಹಾಕದೆ ಚೆನ್ನಾಗಿ ಬೇಯಿಸಿ ಮೂಳೆ ತೆಗೆದ ಕೋಳಿ, ಸ್ವಲ್ಪ ಲಿವರ್, ಅನ್ನ, ಕುಂಬಳಕಾಯಿ, ಮೇಲೆ ಡಾಕ್ಟರ್ ಅಳತೆ ಹೇಳಿ ಬರೆದುಕೊಟ್ಟ ಕ್ಯಾಲ್ಸಿಯಂ ಪುಡಿ. ತಟ್ಟೆ ಈಗಲೂ ಖಾಲಿಯೇ. ನೀವೂ ಹಸಿ ಆಹಾರ ಶುರು ಮಾಡುವ ಯೋಚನೆಯಲ್ಲಿದ್ದರೆ ಮೊದಲು ನಿಮ್ಮ ಪಶುವೈದ್ಯರ ಹತ್ತಿರ ಮಾತಾಡಿ. ನಾಯಿಯ ತೂಕದ ಜೊತೆ ಮನೆಯವರ ಆರೋಗ್ಯವನ್ನೂ ಹೇಳಿ.

ಮೊನ್ನೆ ನಾಲ್ಕನೇ ಕೀಮೋ ಮುಗಿಸಿ ಬಂದ ಅಪ್ಪ ಸೋಫಾದಲ್ಲಿ ಒರಗಿದ್ದರು. ಕೆಂಪಿ ಅವರ ಕಾಲ ಮೇಲೆ ತಲೆ ಇಟ್ಟಿದ್ದಳು. ಗೋಡೆಗೆ ಅಂಟಿಸಿದ ಅಳತೆಯ ಚೀಟಿ ನೋಡಿ, "ಏನೋ ಇದು, ನಾಯಿಗೂ ಲೆಕ್ಕಾನಾ?" ಅಂದರು. ಬಹಳ ದಿನದ ಮೇಲೆ ನಕ್ಕಿದ್ದರು. ಎದ್ದು ಹೋಗಿ ಕೈ ತೊಳೆದುಕೊಂಡು ಬಂದು, ಮತ್ತೆ ಅವಳ ಪಕ್ಕದಲ್ಲೇ ಕೂತರು.