ಬರೆ, ತೋಡು, ಕುಮ್ಕಿ

ಪುತ್ತೂರಿನ ದರ್ಬೆಯಲ್ಲಿ ಬೆಳಗಿನ ಎಂಟರ ಹೊತ್ತು. ಕಾಣಿಯೂರು ಕಡೆಯ ಬಸ್ಸಿನಿಂದ ಕಾಲೇಜು ಮಕ್ಕಳು ಕೊಡೆ ಮಡಚುತ್ತಾ ಇಳಿಯುತ್ತಿದ್ದಾರೆ, ಹೊಟೇಲಿನ ಬಾಣಲೆಯಲ್ಲಿ ಗೋಳಿಬಜೆ ಉಬ್ಬುತ್ತಿದೆ, ಸೋಣ ತಿಂಗಳ ಮಳೆ ಈಗಷ್ಟೇ ಬಂದು ಹೋಗಿ ಮಾರ್ಗದ ಬದಿಯಲ್ಲಿ ಕೆಂಪು ನೀರು ಹರಿಯುತ್ತಿದೆ. ಮೂಲೆಯ ಮೇಜಿನಲ್ಲಿ ಐವತ್ತು ದಾಟಿದ ಒಬ್ಬರು ಚಾ ಕುಡಿಯುತ್ತಾ ಫೋನಿನಲ್ಲಿ ಒಬ್ಬರೊಡನೆ ತುಳು, ಇನ್ನೊಬ್ಬರೊಡನೆ ಬ್ಯಾರಿ, ಸುಳ್ಯದವರು ಸಿಕ್ಕಿದರೆ ಅರೆಭಾಷೆ ಮಾತಾಡುತ್ತಿದ್ದಾರೆ. ಅಂಗಿಯ ಕಿಸೆಯಲ್ಲಿ ಮಡಚಿದ ಆರ್‌ಟಿಸಿ, ಕೈಚೀಲದಲ್ಲಿ ಅಳತೆಯ ಟೇಪು, ಕಾಡುಬಲ್ಲೆ ಸವರಲು ಸಣ್ಣ ಕತ್ತಿ. ಜಾಗದ ಬ್ರೋಕರ್ ಇವರು. ಮಗಳ ಪಿಯುಸಿಗಾಗಿ ಪುತ್ತೂರು, ಸುಳ್ಯದ ಕಡೆ ಮನೆ ಹುಡುಕುತ್ತಿರುವ ಶಿಕ್ಷಕ ದಂಪತಿ ಕಾರಿನಲ್ಲಿ ಕಾಯುತ್ತಿದ್ದಾರೆ. ಹಿಂದಿನ ಸೀಟಿನಲ್ಲಿ ಜಾಗ ಉಂಟು, ಬನ್ನಿ.

ಮೊದಲ ಮನೆ ನರಿಮೊಗರಿನ ಕಡೆ, ಗುಡ್ಡೆ ತಟ್ಟು ಮಾಡಿ ಕಟ್ಟಿದ ಐದು ಸೆಂಟ್ಸಿನ ಟೆರೇಸ್ ಮನೆ. ಬಣ್ಣದ ವಾಸನೆ ಇನ್ನೂ ಹೋಗಿಲ್ಲ. ಸಿಟೌಟಿನ ಟೈಲ್ಸು ಹೊಳೆಯುತ್ತಿದೆ, ಅಡುಗೆಕೋಣೆಯ ಕಿಟಕಿಗೆ ಗಾಳಿ ಬರುತ್ತಿದೆ, ಟೀಚರಮ್ಮನ ಕಣ್ಣು ಆಗಲೇ ಪಾತ್ರೆಯ ಸ್ಟ್ಯಾಂಡಿಗೆ ಜಾಗ ಹುಡುಕುತ್ತಿದೆ. ಬ್ರೋಕರ್ ಮಾತ್ರ ಚಪ್ಪಲಿಯನ್ನೂ ಬಿಚ್ಚದೆ ಹಿತ್ತಿಲಿಗೆ ನಡೆದರು. “ಅಕ್ಕ, ಮೊದಲು ಹಿಂದೆ ಬನ್ನಿ. ಒಳಗೆ ಆಮೇಲೆ ನೋಡುವ.” ಹಿಂದೆ ಗುಡ್ಡೆ ಕಡಿದು ನಿಲ್ಲಿಸಿದ ಬರೆ. ಮೇಲೆ ಮುರಕಲ್ಲು ಗಟ್ಟಿಯಾಗಿದೆ, ಅದರಡಿಯ ಮೆದು ಮಣ್ಣಿನಿಂದ ಒರತೆ ಜಿನುಗುತ್ತಿದೆ. “ಆಟಿಯಲ್ಲಿ ಇದು ಜರಿದ್ರೆ ಮಣ್ಣು ಸೀದಾ ಗೋಡೆಗೆ ಬಂತು. ತಡೆಗೋಡೆ ಕಟ್ಟಿಸಿ ಕೊಡ್ಲಿಕ್ಕೆ ಓನರಿಗೆ ಹೇಳುವ, ಇಲ್ಲದಿದ್ರೆ ಆ ಖರ್ಚು ರೇಟಿನಲ್ಲಿ ಇಳಿಸುವ.” ಐದು ಸೆಂಟ್ಸ್ ಅಂದರೆ 2,178 ಚದರಡಿ, ಅದರಲ್ಲಿ ಬರೆಯ ಬುಡಕ್ಕೆ ಎಷ್ಟು ಬಿಡಬೇಕು ಎಂದು ಟೇಪು ಹಿಡಿದು ತೋರಿಸಿದರು. ಆಮೇಲೆ ಪಂಚಾಯತಿನ ‘ನೈನ್ ಇಲೆವೆನ್’ ಕೇಳಿದರು. ನಮೂನೆ 9 ಮತ್ತು 11 ಇಲ್ಲದ ಹಳ್ಳಿಯ ನಿವೇಶನಕ್ಕೆ ರಿಜಿಸ್ಟ್ರಿಯೂ ಕಷ್ಟ, ಬ್ಯಾಂಕಿನ ಸಾಲವೂ ಕಷ್ಟ.

ಸವಣೂರು ದಾಟಿ ಶಾಂತಿಮೊಗರಿನ ಸೇತುವೆಗೆ ಬಂದಾಗ ಕೆಳಗೆ ಕುಮಾರಧಾರೆ ದಡ ತುಂಬಿ ಓಡುತ್ತಿತ್ತು. ಆಚೆಗೆ ಆಲಂಕಾರು, ಕಡಬ. 2018ರಲ್ಲಿ ಕಡಬ ಬೇರೆ ತಾಲೂಕಾದ ಮೇಲೆ ಈ ಕಡೆಯವರ ಕಂದಾಯದ ಓಡಾಟ ಅಲ್ಲಿಗೇ. ಮಾರ್ಗದ ಎರಡೂ ಬದಿ ರಬ್ಬರ್, ಹೊಗೆಗೂಡಿನಿಂದ ಬರುವ ಶೀಟಿನ ಹುಳಿ ವಾಸನೆ. ಎರಡನೆಯ ಮನೆ ಹಂಚಿನದು. ದೊಡ್ಡ ಅಂಗಳ, ಸುತ್ತ ಅಡಿಕೆ ತೋಟ, ಪಕ್ಕದಲ್ಲಿ ಸದ್ದು ಮಾಡುತ್ತಾ ಇಳಿಯುವ ತೋಡು. ಮನೆಯ ಯಜಮಾನರು ಮಜ್ಜಿಗೆ ಕೊಟ್ಟು, ಕೈ ಬೀಸಿ, ಆ ಗುಡ್ಡೆಯ ತುದಿವರೆಗೂ ನಮ್ಮದೇ ಎಂದರು. ಬ್ರೋಕರ್ ಲೋಟ ಕೆಳಗಿಟ್ಟು ಮೆಲ್ಲ ಕೇಳಿದರು: “ಇದರಲ್ಲಿ ವರ್ಗ ಎಷ್ಟು, ಕುಮ್ಕಿ ಎಷ್ಟು ಭಟ್ರೇ?”

ಈ ಊರುಗಳಲ್ಲಿ ಜಾಗ ಕೊಳ್ಳುವವರು ಕೇಳಲೇಬೇಕಾದ ಪ್ರಶ್ನೆ ಅದು. ಹಳೆಯ ಕದೀಂ ವರ್ಗದ ಜಮೀನಿನಿಂದ 100 ಗಜದೊಳಗಿನ ಸರಕಾರಿ ಜಾಗ ಕುಮ್ಕಿ. ಅಲ್ಲಿ ಸೊಪ್ಪು, ಸೌದೆ ತೆಗೆಯುವ ಸವಲತ್ತನ್ನು 1964ರ ಭೂ ಕಂದಾಯ ಕಾಯ್ದೆಯ 79ನೇ ಕಲಂ ಉಳಿಸಿಕೊಟ್ಟಿದೆ. ಮಾರುವ ಹಕ್ಕನ್ನು ಕೊಟ್ಟಿಲ್ಲ. ತಲೆಮಾರುಗಳಿಂದ ಬೇಲಿ ಹಾಕಿ ಅಡಿಕೆ ನೆಟ್ಟಿದ್ದರೂ ಕ್ರಯಪತ್ರಕ್ಕೆ ಬರುವುದು ಪಟ್ಟೆ ಇರುವ ವರ್ಗ ಜಾಗ ಮಾತ್ರ. ಸರ್ವೆ ನಂಬರಿನ ಒಂದು ತುಂಡನ್ನಷ್ಟೇ ಕೊಳ್ಳುವುದಾದರೆ ಸರ್ವೆಯರ್ ಅಳೆದು ಕೊಡುವ 11ಇ ನಕ್ಷೆ ಬೇಕು. ತೋಟದ ಮೂಲೆಯಲ್ಲಿ ನಾಗಬನವೂ ಇತ್ತು. ಅದರ ತಂಬಿಲದ ಪೂಜೆ ಮುಂದೆ ಯಾರದು ಎಂಬುದನ್ನು ಅಂಗಳದಲ್ಲೇ ಕೂತು ಮಾತಾಡಿಕೊಂಡರು.

ನಿಂತಿಕಲ್ಲು, ಬೆಳ್ಳಾರೆ ದಾಟಿ ಸುಳ್ಯ ಮುಟ್ಟುವಾಗ ಮತ್ತೆ ಮಳೆ. ಪಯಸ್ವಿನಿಯ ಮೇಲ್ಭಾಗದ ಅರಂತೋಡು, ಸಂಪಾಜೆಯಲ್ಲಿ ಹಳದಿ ರೋಗ ಅಡಿಕೆ ತೋಟಗಳನ್ನು ಬೋಳು ಮಾಡಿದ ಸಂಕಟವನ್ನು ದಾರಿಯಲ್ಲಿ ಹೇಳಿದ್ದೂ ಬ್ರೋಕರೇ. ಮಾರುವವರ ಕಷ್ಟವೂ ಅವರ ಕಿವಿಗೆ ಬಿದ್ದಿರುತ್ತದೆ. ಇಲ್ಲಿನ ಮನೆಯಲ್ಲಿ ವಯಸ್ಸಾದ ತಾಯಿ ಒಬ್ಬರೇ, ಮಕ್ಕಳು ಬೆಂಗಳೂರಿನಲ್ಲಿ. ಮಾರ್ಗ ಹತ್ತಿರ, ಬಾವಿಯಲ್ಲಿ ಕೈಗೆ ಸಿಗುವಷ್ಟು ನೀರು. “ಏಪ್ರಿಲ್‌ನಲ್ಲಿ ಎಷ್ಟಿರ್ತದೆ ಅಂತ ಪಕ್ಕದ ಮನೆಯವರನ್ನು ಕೇಳಿ ಸರ್, ನನ್ನನ್ನು ಕೇಳ್ಬೇಡಿ,” ಎಂದ ಬ್ರೋಕರ್, ಇದು ಕುಟುಂಬದ ಆಸ್ತಿಯಾದ್ದರಿಂದ ಹೆಣ್ಣುಮಕ್ಕಳ ಸಹಿಯೂ ಬೇಕೆಂದು ನೆನಪಿಸಿದರು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಅವಿಭಕ್ತ ಆಸ್ತಿಯಲ್ಲಿ ಮಗಳ ಪಾಲು ಮಗನಷ್ಟೇ.

ಸಂಜೆ ಮರಳುವ ದಾರಿಯಲ್ಲಿ, ಕಾವು ಎಂಬಲ್ಲಿನ ಚಾದಂಗಡಿಯಲ್ಲಿ ಲೆಕ್ಕ. 40 ಲಕ್ಷದ ಮನೆಗೆ 5 ಶೇಕಡಾ ಮುದ್ರಾಂಕ ಶುಲ್ಕ, ಅದರ ಮೇಲೆ ಸೆಸ್, ಸರ್‌ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಒಂದರ ಬದಲು 2 ಶೇಕಡಾ. ಹೀಗೆ ಸರಕಾರಕ್ಕೇ ಮೂರು ಲಕ್ಷ ಮಿಕ್ಕಿತು. ಬ್ರೋಕರಿಗೆ ಸಾಮಾನ್ಯವಾಗಿ ನೂರಕ್ಕೆ ಒಂದೋ ಎರಡೋ. ಮಾರುವವರಿಗೆ ಒಂದು ರೇಟು, ಕೊಳ್ಳುವವರಿಗೆ ಇನ್ನೊಂದು ಹೇಳಿ ನಡುವಿನ ಹಣ ಇಟ್ಟುಕೊಳ್ಳುವವರೂ ಇದ್ದಾರೆ. ಅದಕ್ಕೇ ಕಮಿಷನ್ ಎಷ್ಟೆಂದು ಮೊದಲ ದಿನವೇ ಮಾತಾಗಬೇಕು, ರೇಟಿನ ಮಾತಿಗೆ ಎರಡೂ ಕಡೆಯವರು ಎದುರುಬದುರು ಕೂರಬೇಕು. ಪುತ್ತೂರು ಪೇಟೆಯಲ್ಲಿ ಏಳುತ್ತಿರುವಂಥ ಫ್ಲ್ಯಾಟು, ದೊಡ್ಡ ಲೇಔಟುಗಳಾದರೆ ಯೋಜನೆಯೂ ಏಜೆಂಟರೂ ರಿಯಲ್ ಎಸ್ಟೇಟ್ ಪ್ರಾಧಿಕಾರವಾದ ರೇರಾದಲ್ಲಿ ನೋಂದಾಯಿಸಿರಬೇಕು. ನಂಬರನ್ನು ಅದರ ಜಾಲತಾಣದಲ್ಲೇ ನೋಡಬಹುದು. ಇಂದು ಕಂಡಂಥ ಒಂಟಿ ಮನೆಯ ಮಾರಾಟಕ್ಕೆ ಆ ಕಾವಲು ಇಲ್ಲ. ಇಲ್ಲಿ ಋಣಭಾರ ಪತ್ರ (ಇಸಿ) ತೆಗೆದು, ಹಳೆಯ ಪತ್ರಗಳನ್ನು ವಕೀಲರಿಗೆ ತೋರಿಸುವುದು ಕೊಳ್ಳುವವರದೇ ಕೆಲಸ. ಆ ವಕೀಲರು ಬ್ರೋಕರ್ ಕರೆತಂದವರಲ್ಲದಿದ್ದರೆ ಒಳ್ಳೆಯದು.

ದಂಪತಿಯ ಮನಸ್ಸು ನರಿಮೊಗರಿನ ಮನೆಗೆ ಒಲಿದಿತ್ತು. ಮೇಸ್ಟ್ರು ಅಡ್ವಾನ್ಸಿಗೆಂದು ಬ್ಯಾಗಿನ ಜಿಪ್ಪು ಎಳೆದರು. “ಇವತ್ತು ಬೇಡ ಸರ್. ಇಸಿ ಬರ್ಲಿ, ತಡೆಗೋಡೆಯದ್ದು ಎಗ್ರಿಮೆಂಟಿನಲ್ಲಿ ಬರೆಸುವ, ಮತ್ತೆ ಕೊಡಿ.” ಇಂಥವರು ಎಲ್ಲ ಊರಲ್ಲೂ ಸಿಗುವುದಿಲ್ಲ, ಆದರೆ ಇದ್ದಾರೆ. ಚೆಂದವನ್ನು ಮನೆ ತಾನೇ ತೋರಿಸಿಕೊಳ್ಳುತ್ತದೆ. ಕೇಳುವ ಮೊದಲೇ ಅದರ ಕುಂದನ್ನು ತೋರಿಸಿದ ಬ್ರೋಕರಿಗೆ ಕೊಟ್ಟ ಕಮಿಷನ್ ದಂಡವಾಗುವುದಿಲ್ಲ.