ಮೀನು ತೋರಿಸುವುದೂ ಗಾಳಿ, ಮರೆಸುವುದೂ ಗಾಳಿ

ಹಂಗಾರಕಟ್ಟೆ ಕಡೆಯ ಓದುಗರೊಬ್ಬರು ಕೇಳಿದ್ದಾರೆ: “ಮೆಲ್ಲ ಹೋಗುವಾಗ ನಮ್ಮ ಬೋಟಿನ ಫಿಶ್ ಫೈಂಡರ್ ಸರಿಯಾಗಿಯೇ ಇರುತ್ತದೆ. ಎಂಜಿನ್ ರೈಸ್ ಮಾಡಿದ ಕೂಡಲೇ ಸ್ಕ್ರೀನಿನಲ್ಲಿ ನೆಲವೇ ಕಾಣಿಸುವುದಿಲ್ಲ. ಅಳಿವೆಯಲ್ಲಿ ಮರಳಿಗೆ ತಾಗಿ ಅಡಿಯ ಟ್ರಾನ್ಸ್‌ಡ್ಯೂಸರಿಗೆ ಪೆಟ್ಟಾಗಿದೆ ಎನ್ನುತ್ತಾರೆ. ಸುತ್ತ ಕಬ್ಬಿಣದ ಪಂಜರ ಕಟ್ಟಿಸಲೇ?”

ಪಂಜರ ಬೇಡ. ಯಾಕೆಂದು ಹೇಳಲು ಸ್ವಲ್ಪ ಜಾಗ ಬೇಕು.

ಮರಳಿನ ಭಯ ಸುಳ್ಳಲ್ಲ. ಕೋಡಿ ಬೆಂಗ್ರೆಯಲ್ಲಿ ಸೀತಾ, ಸುವರ್ಣಾ ನದಿಗಳು ಕಡಲು ಸೇರುವಲ್ಲಾಗಲಿ, ಪಂಚಗಂಗಾವಳಿಯ ಗಂಗೊಳ್ಳಿ ಅಳಿವೆಯಲ್ಲಾಗಲಿ ಮರಳಿನ ದಿಬ್ಬ ಒಂದೇ ಜಾಗದಲ್ಲಿ ಕೂರುವುದಿಲ್ಲ. ಆದರೆ ಟ್ರಾನ್ಸ್‌ಡ್ಯೂಸರ್ ಎಂಬ ಈ ಸೋನಾರ್ ಬಿಲ್ಲೆ ಪೆಟ್ಟು ತಿಂದು ಒಡೆದಿದ್ದರೆ ಮೆಲ್ಲ ಹೋದರೂ ಕುರುಡೇ, ಜೋರಾಗಿ ಹೋದರೂ ಕುರುಡೇ. ವೇಗದ ಜೊತೆ ಬಂದು ಹೋಗುವ ಕಾಯಿಲೆಯ ಹೆಸರು ಗಾಳಿ.

ಈ ಬಿಲ್ಲೆಯೊಳಗಿರುವುದು ಕರೆಂಟ್ ಕೊಟ್ಟರೆ ಕಂಪಿಸುವ, ಕಂಪಿಸಿದರೆ ಕರೆಂಟ್ ಕೊಡುವ ಪಿಂಗಾಣಿ ಜಾತಿಯ ವಸ್ತು. ಇದರಲ್ಲಿ ಎರಡನೆಯ ಗುಣವನ್ನು ಕ್ಯೂರಿ ಸಹೋದರರು 1880ರಲ್ಲೇ ಹರಳುಗಳಲ್ಲಿ ಕಂಡಿದ್ದರು. ಫಿಶ್ ಫೈಂಡರುಗಳು ಸಾಮಾನ್ಯವಾಗಿ 50 ಅಥವಾ 200 ಕಿಲೋಹರ್ಟ್ಸ್ ಶಬ್ದ ಬಿಟ್ಟು ಅದರ ಪ್ರತಿಧ್ವನಿ ಹಿಡಿಯುತ್ತವೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. 30 ಮೀಟರ್ ಆಳದ ನೆಲ ಮುಟ್ಟಿ ವಾಪಸು ಬರಲು 0.04 ಸೆಕೆಂಡು ಸಾಕು. ಇಷ್ಟು ಚುರುಕಾದ ಶಬ್ದಕ್ಕೆ ನೀರಿನಿಂದ ಗಾಳಿಗೆ ದಾಟಲು ಮಾತ್ರ ಬರುವುದಿಲ್ಲ. ಗಡಿ ಮುಟ್ಟಿದ ಶಕ್ತಿಯಲ್ಲಿ ಶೇ. 99.9ರಷ್ಟು ಹಿಂದಕ್ಕೇ ಬರುತ್ತದೆ. ಆಸ್ಪತ್ರೆಯಲ್ಲಿ ಹೊಟ್ಟೆ ಸ್ಕ್ಯಾನ್ ಮಾಡುವಾಗ ತಣ್ಣನೆಯ ಜೆಲ್ ಸವರುವುದೂ ಚರ್ಮಕ್ಕೂ ಯಂತ್ರಕ್ಕೂ ನಡುವೆ ಗಾಳಿ ಉಳಿಯಬಾರದೆಂದೇ.

ಸ್ವಾರಸ್ಯ ಇರುವುದು ಇಲ್ಲಿ. ಮೀನಿನ ಮಾಂಸ ಶಬ್ದದ ಮಟ್ಟಿಗೆ ಹೆಚ್ಚುಕಡಿಮೆ ನೀರೇ. ಯಂತ್ರಕ್ಕೆ ಮುಖ್ಯವಾಗಿ ಕಾಣುವುದು ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ. ಬೂತಾಯಿಗೆ, ಅಂದರೆ ಬೈಗೆಗೆ, ಆ ಚೀಲ ಇದೆ; ಹಿಂಡು ಸ್ಕ್ರೀನಿನಲ್ಲಿ ಗಾಢವಾಗಿ ಮೂಡುತ್ತದೆ. ತೊರಕೆಗೂ ಬೊಂಡಾಸಿಗೂ ಇಲ್ಲ, ಅವು ಮಸುಕು. ಜಪಾನಿನ ನಾಗಸಾಕಿ ಪ್ರಾಂತ್ಯದಲ್ಲಿ ದೋಣಿಗಳಿಗೆ ವಿದ್ಯುತ್ ಕೆಲಸ ಮಾಡುತ್ತಿದ್ದ ಫುರುನೊ ಸಹೋದರರಿಗೆ, ಮೀನಿರುವ ಕಡೆ ಗುಳ್ಳೆ ಏಳುತ್ತದೆಂಬ ಮೀನುಗಾರರ ಮಾತೇ ದಾರಿ ತೋರಿಸಿತು. ಗುಳ್ಳೆಗೆ ತಾಗಿದ ಶಬ್ದ ಮರಳಬೇಕಲ್ಲ ಎಂದು ಹೊರಟವರು 1948ರಲ್ಲಿ ಬಳಕೆಗೆ ಬರುವಂಥ ಫಿಶ್ ಫೈಂಡರ್ ಮಾಡಿದರು.

ಅದೇ ಗಾಳಿ ಬಿಲ್ಲೆಯ ಮುಖಕ್ಕೆ ಬಂದರೆ ಆಟ ಮುಗಿಯಿತು. ಬೋಟ್ ಜೋರಾದಾಗ ಹಲಗೆಯ ಸಂದಿಗೆ, ಬೋಲ್ಟಿನ ತಲೆಗೆ, ಅಂಟಿದ ಚಿಪ್ಪಿಗೆ ನೀರು ಬಡಿದು ನೊರೆಯೇಳುತ್ತದೆ. ಆ ನೊರೆ ಬಿಲ್ಲೆಯ ಅಡಿಯಲ್ಲೇ ಹರಿದರೆ ಶಬ್ದ ನೆಲದತ್ತ ಇಳಿಯುವುದೇ ಇಲ್ಲ. ಪಂಜರ ಕಟ್ಟಿದಿರೋ, ಒಂದೊಂದು ಸರಳೂ ಹೊಸ ನೊರೆ ಎಬ್ಬಿಸುತ್ತದೆ. ಹರಿದ ಬಲೆ, ಹಗ್ಗಗಳಿಗೆ ಅದು ಒಳ್ಳೆಯ ಕೊಕ್ಕೆ. ಬಿಲ್ಲೆಯ ಕವಚ ಕಂಚಿನದಾದರೆ ಉಪ್ಪುನೀರಿನಲ್ಲಿ ಅದಕ್ಕೆ ತಾಗಿಕೊಂಡ ಕಬ್ಬಿಣ ಬೇಗ ತುಕ್ಕು ತಿನ್ನುತ್ತದೆ.

ಚಿಪ್ಪು ಎಂದೆನಲ್ಲ, ಬೋಟಿನ ತಳಕ್ಕೆ ಕಚ್ಚುವ ಆ ಬಿಳಿ ಬಾರ್ನಕಲ್ ನೋಡಲು ಮರುವಾಯಿಯ ಬಳಗ, ಹುಟ್ಟಿನಲ್ಲಿ ಸಿಗಡಿ-ಏಡಿಗಳ ನೆಂಟ. ಡಾರ್ವಿನ್ 1846ರಿಂದ ಎಂಟು ವರ್ಷ ಇದರ ಬೆನ್ನು ಬಿದ್ದಿದ್ದ. ಮಿಲಿಮೀಟರಿನಷ್ಟೂ ಇಲ್ಲದ ಮರಿ ಎರಡು ಮೀಸೆಗಳ ಮೇಲೆ ಬೋಟಿನ ತಳದಲ್ಲಿ ನಡೆದು ಜಾಗ ಹುಡುಕುತ್ತದೆ. ಹೆಜ್ಜೆಹೆಜ್ಜೆಗೂ ಅಂಟು ಬಿಡುತ್ತದೆ. ಆ ಜಾಡು ಹಿಡಿದು ಬೇರೆ ಮರಿಗಳೂ ಬರುತ್ತವೆ. ಜಾಗ ಒಪ್ಪಿತೋ, ತಲೆ ಕೆಳಗಾಗಿ ಅಂಟಿಕೊಂಡು ಬಾಳಿನುದ್ದಕ್ಕೂ ಕಾಲಿನಿಂದ ಆಹಾರ ಬಾಚುತ್ತದೆ. ಒದ್ದೆ ಜಾಗಕ್ಕೆ ಗೋಂದು ಹಿಡಿಯುವುದು ಹೇಗೆ? ಮರಿ ಮೊದಲು ಎಣ್ಣೆಯಂಥ ದ್ರವ ಬಿಟ್ಟು ನೀರನ್ನು ಸರಿಸುತ್ತದೆ, ಆಮೇಲೆ ಪ್ರೋಟೀನಿನ ಅಂಟು ಬಿಡುತ್ತದೆ ಎಂದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಪ್ರಾಣಿ ಸತ್ತರೂ ಚಿಪ್ಪು ಬಿಡುವುದಿಲ್ಲ. ಅದನ್ನು ಕತ್ತಿಯಿಂದ ಕೆರೆದರೆ ಬಿಲ್ಲೆಯ ಮುಖವೇ ಗೀರಿಹೋಗುತ್ತದೆ.

ಹಾಗಾದರೆ ರಕ್ಷಣೆ? ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದಲ್ಲಿ ಬೋಟ್ ಮೇಲೆ ಬಂದಾಗಲೇ ಇದಕ್ಕೆ ಹೊತ್ತು. ಚಿಪ್ಪನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಎಬ್ಬಿಸಿ, ಮೆತ್ತಗೆ ಉಜ್ಜಿ. ಥಿನ್ನರ್ ಸೋಕಿಸಬೇಡಿ, ಪ್ಲಾಸ್ಟಿಕ್ ಮುಖ ಹಾಳಾಗುತ್ತದೆ. ತಳಕ್ಕೆ ಬಳಿಯುವ ದಪ್ಪ ಬಣ್ಣ ಇದಕ್ಕೆ ಬೇಡ; ಟ್ರಾನ್ಸ್‌ಡ್ಯೂಸರಿಗೆಂದೇ ಸಿಗುವ, ನೀರಿನಲ್ಲಿ ಕಲಸಿದ ಬಣ್ಣ ತೆಳುವಾಗಿ ಸಾಕು. ಬೋಟನ್ನು ಎಳೆಯುವವರಿಗೆ, ಎತ್ತುವವರಿಗೆ ತಿಳಿಯುವಂತೆ ಬಿಲ್ಲೆ ಇರುವ ನೇರಕ್ಕೆ ಹೊರಗೆ ಒಂದು ಗುರುತು ಹಾಕಿ. ದಡದಲ್ಲಿರುವಾಗ ಯಂತ್ರವನ್ನು ಹೆಚ್ಚು ಹೊತ್ತು ಚಾಲೂ ಇಡಬೇಡಿ, ಬಿಲ್ಲೆ ಬಿಸಿಯಾದೀತು. ಔಟ್‌ಬೋರ್ಡ್ ದೋಣಿಯ ಹಿಂಬದಿಗೆ ಕಟ್ಟುವುದಾದರೆ ಪೆಟ್ಟು ಬಿದ್ದಾಗ ಮೇಲಕ್ಕೆ ಮಡಚಿಕೊಳ್ಳುವ ಕ್ಲಾಂಪ್ ಕೇಳಿ. ತಳ ಗಟ್ಟಿ ಫೈಬರಿನದಾದರೆ ಇನ್ನೂ ಒಳ್ಳೆಯ ಉಪಾಯವಿದೆ. ಬಿಲ್ಲೆಯನ್ನು ಒಳಗಿನಿಂದಲೇ, ಒಂದು ಗುಳ್ಳೆಯೂ ಉಳಿಯದಂತೆ ಎಪಾಕ್ಸಿಯಲ್ಲಿ ಕೂರಿಸಬಹುದು. ಶಬ್ದ ಕೊಂಚ ಕುಗ್ಗುತ್ತದೆ, ಆದರೆ ಮರಳಿಗೆ ಸಿಗುವಂಥದ್ದು ಹೊರಗೇನೂ ಇರುವುದಿಲ್ಲ. ಮರದ ತಳಕ್ಕೂ, ನಡುವೆ ಫೋಮ್ ತುಂಬಿದ ತಳಕ್ಕೂ ಇದು ಆಗದು. ಅವುಗಳೊಳಗೇ ಗಾಳಿ ಇದೆ.

ಬೋಟಿನ ಮೂತಿಗೆ ನಿಂಬೆಹಣ್ಣು, ಮೆಣಸು ಕಟ್ಟುವವರಿಗೆ ಒಂದು ಮಾತು: ಯಾರ ದೃಷ್ಟಿಯೂ ಬಿಲ್ಲೆಗೆ ತಾಗುವುದಿಲ್ಲ, ಚಿಪ್ಪು ತಾಗುತ್ತದೆ. ಫಿಶ್ ಫೈಂಡರಿನ ಶಬ್ದಕ್ಕೆ ಬೂತಾಯಿ ಓಡಿಹೋಗುತ್ತದೆ ಎಂಬುದೂ ಬರೀ ಮಾತು. ಬೂತಾಯಿಗೆ ಹತ್ತಿರದ, ಪರೀಕ್ಷಿಸಿದ ಸಾರ್ಡೀನ್ ಮೀನುಗಳಿಗೆ ಕೆಲವೇ ಕಿಲೋಹರ್ಟ್ಸ್‌ವರೆಗೆ ಕಿವಿ ಕೇಳುತ್ತದೆ. 50 ಕಿಲೋಹರ್ಟ್ಸ್ ಡಾಲ್ಫಿನ್‌ಗೆ ಕೇಳುತ್ತದೆ.

ಓದುಗರು ಇಷ್ಟು ಮಾಡಲಿ. ಬಿಲ್ಲೆಯ ಮುಂದೆ ಹರಿಯುವ ನೀರಿಗೆ ಅಡ್ಡಬರುವ ಚಿಪ್ಪು, ಬೋಲ್ಟು, ಪೈಪಿನ ಬಾಯಿ ಏನಿದೆ ನೋಡಿ, ಸರಿಪಡಿಸಲಿ. ಆಮೇಲೂ ಜೋರಾದಾಗ ನೆಲ ಮಾಯವಾದರೆ ಬಿಲ್ಲೆಯ ಜಾಗ ಬದಲಿಸಬೇಕು. ನಿಂತಾಗಲೂ ಕಾಣದಿದ್ದರೆ ಮಾತ್ರ ಕೇಬಲ್ಲನ್ನೋ ಬಿಲ್ಲೆಯನ್ನೋ ಅನುಮಾನಿಸಿ ಹೊಸದಕ್ಕೆ ದುಡ್ಡು ಹಾಕಲಿ.